ಓಲ್ಗಾ ಸಿಮ್ಯುಲೇಟರ್: ಅನಿಲದ ಕೊಳವೆಯಲ್ಲಿ ನಿಂತ ನೀರಿನ ಲೆಕ್ಕ

ಕೊಳವೆಯೊಳಗೆ ಅನಿಲ ಮತ್ತು ದ್ರವ ಒಟ್ಟಿಗೆ ಹರಿಯುವುದನ್ನೂ ಆ ಹರಿವು ಕಾಲದೊಂದಿಗೆ ಬದಲಾಗುವುದನ್ನೂ ಲೆಕ್ಕ ಹಾಕುವ ಓಲ್ಗಾ ತಂತ್ರಾಂಶ ಬೇಕೇ ಬೇಡವೇ ಎಂದು ಕೇಳುವವರಿಗೆ ನನ್ನ ಉತ್ತರ ಚಿಕ್ಕದು. ನಿಮ್ಮ ಅನಿಲದ ಕೊಳವೆಯಲ್ಲಿ ನೀರೂ ಹರಿಯುತ್ತಿದ್ದು, ಅನಿಲದ ಪ್ರಮಾಣವನ್ನು ಆಗಾಗ ಏರಿಸಿ ಇಳಿಸುವ ಪ್ರಸಂಗ ಬರುವುದಾದರೆ ಬೇಕು. ಇವೆರಡರಲ್ಲಿ ಒಂದು ಇಲ್ಲದಿದ್ದರೂ ಅದಕ್ಕೆ ಸುರಿಯುವ ಹಣ ದಂಡ. ನಾನು ಪೈಪ್‌ಲೈನ್ ವಿನ್ಯಾಸದ ಕೆಲಸದಲ್ಲಿರುವವನು. ಈ ತಂತ್ರಾಂಶವನ್ನು ಹಲವು ವರ್ಷಗಳಿಂದ ಬಳಸುತ್ತ ಬಂದಿದ್ದೇನೆ, ಅದನ್ನು ಮಾರುವವರ ಕಡೆಯವನಲ್ಲ. ಕನ್ನಡದಲ್ಲಿ ಇಂಥ ಉಪಕರಣಗಳ ಬಗ್ಗೆ ಬರಹಗಳು ಕಡಿಮೆ. ಬೆಂಗಳೂರಿನ ಎಂಜಿನಿಯರಿಂಗ್ ಕಚೇರಿಗಳಲ್ಲಿ ಕುಳಿತು ದೂರದ ಸಮುದ್ರಗಳ ಕೊಳವೆಗಳನ್ನು ಲೆಕ್ಕ ಹಾಕುವ ಕನ್ನಡಿಗರು ಬಹಳ ಮಂದಿ ಇರುವುದರಿಂದ, ಅವರಲ್ಲಿ ಹೊಸದಾಗಿ ಈ ಕೆಲಸಕ್ಕೆ ಬಂದವರನ್ನು ಮನಸ್ಸಿನಲ್ಲಿಟ್ಟುಕೊಂಡು ಇದನ್ನು ಬರೆದಿದ್ದೇನೆ.

ಬಾವಿಯಿಂದ ಹೊರಬರುವ ನೈಸರ್ಗಿಕ ಅನಿಲ ಒಣ ಅನಿಲವಲ್ಲ. ನೆಲದಾಳದ ಬಿಸಿಯಲ್ಲಿ ಅದು ನೀರಾವಿಯನ್ನು ಹೊತ್ತಿರುತ್ತದೆ. ಸಮುದ್ರತಳದ ಕೊಳವೆಯಲ್ಲಿ ತಣಿಯುತ್ತ ಹೋದಂತೆ ಆ ಆವಿ ನೀರಾಗಿ ಕೊಳವೆಯ ಅಡಿಗೆ ಇಳಿಯುತ್ತದೆ. ನಿಕ್ಷೇಪಕ್ಕೆ ವಯಸ್ಸಾದಂತೆ ಅದರ ಕೆಳಗಿರುವ ಉಪ್ಪುನೀರೂ ಬಾವಿಯೊಳಗೆ ನುಗ್ಗತೊಡಗುತ್ತದೆ. ಕೆ.ಜಿ. (ಕೃಷ್ಣಾ-ಗೋದಾವರಿ) ಬೇಸಿನ್ನಿನ ಸಮುದ್ರದಲ್ಲಿರುವ ಕೆಜಿ-ಡಿ6ರಲ್ಲಿ 2009ರ ಏಪ್ರಿಲ್‌ನಲ್ಲಿ ಅನಿಲದ ಉತ್ಪಾದನೆ ಶುರುವಾಗಿ, ಕೆಲವೇ ವರ್ಷಗಳಲ್ಲಿ ನೀರು ಮತ್ತು ಮರಳಿನ ಕಾಟದಿಂದ ಹಲವು ಬಾವಿಗಳನ್ನು ಮುಚ್ಚಬೇಕಾಗಿ ಬಂದದ್ದು ಎಲ್ಲರಿಗೂ ತಿಳಿದ ಸಂಗತಿ. ಈ ನೀರಿನ ಜೊತೆಗೆ, ಹೈಡ್ರೇಟ್ (ನೀರು ಮತ್ತು ಅನಿಲ ಸೇರಿ ಮಂಜುಗಡ್ಡೆಯಂತೆ ಗಟ್ಟಿಯಾಗುವ ವಸ್ತು) ಕಟ್ಟದಿರಲೆಂದು ನಾವೇ ಬಾವಿಯ ಬಾಯಿಯಲ್ಲಿ ಸೇರಿಸುವ ಎಂಇಜಿ ಎಂಬ ಗ್ಲೈಕಾಲ್ ಕೂಡ ದ್ರವವಾಗಿ ಅದೇ ಕೊಳವೆಯಲ್ಲಿ ಬರುತ್ತದೆ. ಹೀಗೆ ಅನಿಲದ ಕೊಳವೆ ಎಂದು ಕಾಗದದ ಮೇಲೆ ಕರೆಯುವುದು ವಾಸ್ತವದಲ್ಲಿ ಅನಿಲ ಮತ್ತು ದ್ರವ ಎರಡೂ ಬೇರೆಬೇರೆ ವೇಗದಲ್ಲಿ ಹರಿಯುವ ಕೊಳವೆ. ಎಷ್ಟು ನೀರು ಒಳಗೆ ಹೋಯಿತು, ಎಷ್ಟು ಹೊರಗೆ ಬಂತು ಎಂಬುದನ್ನು ಮೀಟರ್ ಹೇಳುತ್ತದೆ. ನಡುವೆ ಎಷ್ಟು ನಿಂತಿದೆ, ಎಲ್ಲಿ ನಿಂತಿದೆ, ಯಾವಾಗ ಒಮ್ಮೆಲೇ ಹೊರಡುತ್ತದೆ ಎಂಬುದನ್ನು ಯಾವ ಮೀಟರೂ ಹೇಳುವುದಿಲ್ಲ. ಓಲ್ಗಾ ಹುಟ್ಟಿದ್ದೇ ಈ ಪ್ರಶ್ನೆಗಳಿಗೆ ಉತ್ತರ ಕೊಡಲು.

ಅದರ ಹುಟ್ಟೂರು ನಾರ್ವೆಯ ಶೆಲ್ಲರ್. ಅಲ್ಲಿನ ಐಎಫ್‌ಇ ಎಂಬ ಸಂಸ್ಥೆ ಮೊದಲು ಅಣುಶಕ್ತಿ ಸಂಶೋಧನೆಗೆಂದೇ ಕಟ್ಟಿದ್ದು. ನೀರು ಮತ್ತು ಆವಿ ಒಂದೇ ಕೊಳವೆಯಲ್ಲಿ ಹರಿಯುವ ಲೆಕ್ಕ ರಿಯಾಕ್ಟರ್ ಸುರಕ್ಷತೆಯ ಮುಖ್ಯ ವಿಷಯವಾದ್ದರಿಂದ ಅವರಿಗೆ ಈ ಗಣಿತದ ಪರಿಚಯವಿತ್ತು. 1983ರ ಹೊತ್ತಿಗೆ ನಾರ್ವೆಯ ಸರಕಾರಿ ತೈಲ ಸಂಸ್ಥೆ ಸ್ಟಾಟೊಯಿಲ್‌ಗಾಗಿ ಓಲ್ಗಾದ ಮೊದಲ ರೂಪ ಸಿದ್ಧವಾಯಿತು. ಆಮೇಲೆ ಟ್ರೋಂಡ್‌ಹೈಮ್ ಬಳಿಯ ಟಿಲ್ಲರ್‌ನಲ್ಲಿರುವ ಸಿಂಟೆಫ್ ಪ್ರಯೋಗಾಲಯದ ಅಳತೆಗಳು ಬಂದವು: 8 ಇಂಚಿನ, ಸುಮಾರು 1 ಕಿ.ಮೀ. ಉದ್ದದ ಕೊಳವೆ, ಅದರ ತುದಿಯಲ್ಲಿ 50 ಮೀಟರ್ ಎತ್ತರದ ಲಂಬ ಭಾಗ, 90 ಬಾರ್‌ವರೆಗೆ ಒತ್ತಡ. ಅದುವರೆಗೆ ಈ ಶಾಸ್ತ್ರದ ಬಹುಪಾಲು ಸೂತ್ರಗಳು ಚಿಕ್ಕ ಗಾಜಿನ ಅಥವಾ ಪ್ಲಾಸ್ಟಿಕ್ ಕೊಳವೆಗಳಲ್ಲಿ, ಕಡಿಮೆ ಒತ್ತಡದ ಗಾಳಿ ಮತ್ತು ನೀರಿನಿಂದ ತೆಗೆದವು. ಇಂದಿಗೂ ಎಲ್ಲೆಡೆ ಬಳಕೆಯಲ್ಲಿರುವ ಬೆಗ್ಸ್ ಮತ್ತು ಬ್ರಿಲ್ ಸೂತ್ರ (1973) ಬಂದದ್ದು ಒಂದು ಮತ್ತು ಒಂದೂವರೆ ಇಂಚಿನ, 27 ಮೀಟರ್ ಉದ್ದದ ಅಕ್ರಿಲಿಕ್ ಕೊಳವೆಯಿಂದ. ಅದನ್ನು 30 ಇಂಚಿನ, ನೂರಾರು ಕಿಲೋಮೀಟರ್ ಉದ್ದದ ಕೊಳವೆಗೆ ಹಚ್ಚುವಾಗ ಎಂಥವನಿಗೂ ಕೈ ತಡೆಯಬೇಕು.

ಓಲ್ಗಾದ ಬಗ್ಗೆ ನನಗೆ ಗೌರವ ಮೂಡಿಸಿದ್ದು ಅದರ ಕರ್ತೃಗಳು 1991ರಲ್ಲಿ ಪ್ರಕಟಿಸಿದ ಪ್ರಬಂಧ. ಬೆಂಡಿಕ್ಸನ್ ಮತ್ತು ಸಂಗಡಿಗರು ತಮ್ಮ ಮೊದಲ ಆವೃತ್ತಿಯ ದೋಷವನ್ನು ಅದರಲ್ಲಿ ಮುಚ್ಚುಮರೆಯಿಲ್ಲದೆ ಬರೆದಿದ್ದಾರೆ: ಲಂಬ ಕೊಳವೆಯಲ್ಲಿ ದ್ರವವು ಗೋಡೆಗೆ ಪದರವಾಗಿ ಅಂಟಿಕೊಂಡು ಏರುವ ಹರಿವಿನಲ್ಲಿ ಒತ್ತಡದ ಇಳಿತವು ನಿಜಕ್ಕಿಂತ ಶೇ. 50ರವರೆಗೆ ಹೆಚ್ಚಾಗಿ ಬರುತ್ತಿತ್ತು. ಅಡ್ಡ ಕೊಳವೆಯಲ್ಲಿ ಕೆಲವೆಡೆ ದ್ರವದ ಪ್ರಮಾಣ ನಿಜದ ಎರಡರಷ್ಟು ಬರುತ್ತಿತ್ತು. ದ್ರವವೆಲ್ಲ ಗೋಡೆಯ ಮೇಲೆಯೇ ಹರಿಯುತ್ತದೆ ಎಂದು ಎಣಿಸಿದ್ದೇ ಇದಕ್ಕೆ ಕಾರಣ. ವೇಗದ ಅನಿಲ ನೀರಿನ ಮೇಲ್ಮೈಯಿಂದ ಹನಿಗಳನ್ನು ಕಿತ್ತುಕೊಂಡು ತನ್ನ ಜೊತೆ ಒಯ್ಯುತ್ತದೆ. ಆದ್ದರಿಂದ ಹನಿಗಳಿಗೆ ಪ್ರತ್ಯೇಕ ಲೆಕ್ಕ ತೆರೆದರು: ಅನಿಲಕ್ಕೆ ಒಂದು, ಅಡಿಯ ದ್ರವಕ್ಕೆ ಒಂದು, ಹನಿಗಳಿಗೆ ಒಂದು ಎಂದು ದ್ರವ್ಯರಾಶಿಯ ಮೂರು ಸಮೀಕರಣಗಳು, ಅನಿಲ ಮತ್ತು ಹನಿಗಳಿಗೆ ಸೇರಿ ಒಂದು, ಅಡಿಯ ದ್ರವಕ್ಕೆ ಒಂದು ಎಂದು ಸಂವೇಗದ ಎರಡು, ಎಲ್ಲಕ್ಕೂ ಸೇರಿ ಶಾಖದ ಒಂದು. ಮುಂದೆ ನೀರನ್ನೂ ಕಂಡೆನ್ಸೇಟನ್ನೂ (ಅನಿಲದಿಂದ ಇಳಿಯುವ ಹಗುರ ಎಣ್ಣೆ) ಬೇರ್ಪಡಿಸಿ ಅನಿಲ, ಎಣ್ಣೆ, ನೀರು ಎಂಬ ಮೂರು ಫೇಸ್‌ಗಳ ಮಾದರಿ ಬಂದರೂ ಒಳಗಿನ ಚೌಕಟ್ಟು ಇಂದಿಗೂ ಹೆಚ್ಚುಕಡಿಮೆ ಇದೇ. ತಂತ್ರಾಂಶ 1990ರ ಸುಮಾರಿಗೆ ಮಾರುಕಟ್ಟೆಗೆ ಬಂದು, ಸ್ಕ್ಯಾಂಡ್‌ಪವರ್, ಎಸ್‌ಪಿಟಿ ಗ್ರೂಪ್ ಎಂಬ ಹೆಸರುಗಳ ಕೈ ದಾಟಿ, 2012ರಲ್ಲಿ ಶ್ಲಂಬರ್ಜೆಗೆ (ಈಗಿನ ಎಸ್‌ಎಲ್‌ಬಿ) ಸೇರಿತು.

ಇದರ ಉಪಯೋಗ ಎಲ್ಲಿದೆ ಎಂಬುದನ್ನು ಒಂದು ಲೆಕ್ಕದಿಂದ ತೋರಿಸುವುದು ಒಳ್ಳೆಯದು. ಕಾಗದ ಮತ್ತು ಪೆನ್ಸಿಲ್ ಸಾಕು. 60 ಕಿ.ಮೀ. ಉದ್ದದ, 48 ಸೆಂ.ಮೀ. ಒಳವ್ಯಾಸದ ಒಂದು ಕಾಲ್ಪನಿಕ ಕೊಳವೆಯನ್ನು ತೆಗೆದುಕೊಳ್ಳಿ. ಅದರ ಒಟ್ಟು ಒಳಗಾತ್ರ ಸುಮಾರು 10,850 ಘನ ಮೀಟರ್. 80 ಬಾರ್ ಒತ್ತಡದಲ್ಲಿ ದಿನಕ್ಕೆ 50 ಲಕ್ಷ ಪ್ರಮಾಣಿತ ಘನ ಮೀಟರ್ (ವಾತಾವರಣದ ಒತ್ತಡದಲ್ಲಿ ಅಳೆದ ಗಾತ್ರ) ಅನಿಲ ಹರಿಯುತ್ತಿದ್ದರೆ ಅದರ ವೇಗ ಸೆಕೆಂಡಿಗೆ ಸುಮಾರು ಮೂರೂವರೆ ಮೀಟರ್. ಆಗ ಕೊಳವೆಯ ಗಾತ್ರದಲ್ಲಿ ಶೇ. 2ರಷ್ಟನ್ನು ದ್ರವ ಆಕ್ರಮಿಸಿದೆ ಎನ್ನೋಣ. ಅಂದರೆ 217 ಘನ ಮೀಟರ್. ಈ ಪಾಲಿಗೆ ನಮ್ಮ ಕಸುಬಿನಲ್ಲಿ ಹೋಲ್ಡಪ್ ಎನ್ನುತ್ತಾರೆ. ಈಗ ಬೇಡಿಕೆ ಇಳಿದು ಅನಿಲವನ್ನು ಶೇ. 40ಕ್ಕೆ ತಗ್ಗಿಸಿದರು. ಅನಿಲವು ನೀರನ್ನು ಮುಂದಕ್ಕೆ ಎಳೆಯುವ ಬಲ ವೇಗದ ವರ್ಗವನ್ನು ಅನುಸರಿಸುವುದರಿಂದ ಅದು ಆರನೇ ಒಂದು ಪಾಲಿಗೆ ಕುಸಿಯುತ್ತದೆ. ನೀರಿನ ತೂಕ ಮಾತ್ರ ಇದ್ದಷ್ಟೇ ಇರುತ್ತದೆ. ಒಂದು ಡಿಗ್ರಿ ಏರಿನಲ್ಲಿಯೂ ನೀರು ಹಿಂದಕ್ಕೆ ಜಾರಿ ತಗ್ಗಿನಲ್ಲಿ ಸೇರತೊಡಗುತ್ತದೆ, ಹೋಲ್ಡಪ್ ಶೇ. 5ಕ್ಕೆ ಏರುತ್ತದೆ ಎಂದಿಟ್ಟುಕೊಂಡರೆ ಕೊಳವೆಯಲ್ಲಿ ಈಗ 543 ಘನ ಮೀಟರ್ ದ್ರವವಿರಬೇಕು.

ಸ್ಥಿರ ಸ್ಥಿತಿಯ, ಅಂದರೆ ಹರಿವು ಬದಲಾಗದೆ ನೆಲೆನಿಂತ ಸ್ಥಿತಿಯ, ಲೆಕ್ಕ ಹಾಕುವ ತಂತ್ರಾಂಶ ಈ ಎರಡು ಅಂಕಿಗಳನ್ನು ಕೊಟ್ಟು ಸುಮ್ಮನಾಗುತ್ತದೆ. ಆದರೆ ಹೆಚ್ಚಿನ 326 ಘನ ಮೀಟರ್ ನೀರು ಎಲ್ಲಿಂದ ಬರಬೇಕು? ನೀರು ಮತ್ತು ಎಂಇಜಿ ಸೇರಿ ಗಂಟೆಗೆ 5 ಘನ ಮೀಟರ್ ಒಳಬರುತ್ತಿದ್ದರೆ, ತುದಿಯಿಂದ ಒಂದು ಹನಿಯೂ ಹೊರಬರದಿದ್ದರೂ ಅಷ್ಟು ಸೇರಲು 65 ಗಂಟೆ ಬೇಕು. ಆ ಎರಡು ಮೂರು ದಿನ ದಡದ ಘಟಕದಲ್ಲಿ ಕುಳಿತವರಿಗೆ ನೀರು ಬರುವುದೇ ನಿಂತಂತೆ ಕಾಣುತ್ತದೆ. ಎಂಇಜಿ ಮರಳಿ ಬಾರದೆ ತೊಟ್ಟಿಯ ಮಟ್ಟ ಇಳಿಯುತ್ತದೆ. ಅನುಭವವಿಲ್ಲದ ಪಾಳಿಯವರು ಅಲ್ಲೆಲ್ಲೋ ಸೋರಿಕೆಯಾಗಿದೆ ಎಂದು ಗಾಬರಿಯಾಗುವುದೂ ಉಂಟು. ಆಮೇಲೆ ಬೇಡಿಕೆ ಮರಳಿ ಅನಿಲವನ್ನು ಮೊದಲಿನ ಮಟ್ಟಕ್ಕೆ ಏರಿಸಿದಾಗ ಹೆಚ್ಚುವರಿ 326 ಘನ ಮೀಟರ್ ಹೊರಡಲೇಬೇಕು. ಅದು ಆರು ಗಂಟೆಗಳಲ್ಲಿ ಹೊರಬಂದರೆ, ದಿನನಿತ್ಯದ 5ನ್ನೂ ಸೇರಿಸಿ ಗಂಟೆಗೆ ಸುಮಾರು 60 ಘನ ಮೀಟರ್ ಆಯಿತು. ಘಟಕದ ಪಂಪುಗಳು ಗಂಟೆಗೆ 20 ಮಾತ್ರ ಖಾಲಿ ಮಾಡಬಲ್ಲವಾದರೆ ಉಳಿದ ಸುಮಾರು 235 ಘನ ಮೀಟರನ್ನು ಸ್ಲಗ್ ಕ್ಯಾಚರ್ ಎಂಬ ದೊಡ್ಡ ಪಾತ್ರೆ ಹಿಡಿದಿಟ್ಟುಕೊಳ್ಳಬೇಕು. ಅದೇ ಏರಿಕೆಯನ್ನು ಒಂದು ಇಡೀ ದಿನಕ್ಕೆ ಹಂಚಿದರೆ ಗಂಟೆಗೆ ಬರುವುದು ಸುಮಾರು 19. ಪಂಪುಗಳೇ ಸಾಕು, ಪಾತ್ರೆಯ ಮಟ್ಟ ಅಲುಗುವುದೂ ಇಲ್ಲ.

ನಾನು ಇಲ್ಲಿ ಮಾಡಿದ್ದು ಬರಿಯ ಜಮಾ-ಖರ್ಚಿನ ಲೆಕ್ಕ. ನೀರು ನಿಜವಾಗಿ ಆರು ಗಂಟೆಯಲ್ಲಿ ಬರುತ್ತದೋ ಹದಿನಾರರಲ್ಲಿ ಬರುತ್ತದೋ, ಒಂದೇ ಸಮನೆ ಬರುತ್ತದೋ ಅಥವಾ ಒಂದೊಂದು ತಗ್ಗೂ ಸರದಿಯಂತೆ ಖಾಲಿಯಾಗಿ ತುಂಡುತುಂಡಾಗಿ ಬರುತ್ತದೋ ಎಂಬುದು ಈ ಲೆಕ್ಕಕ್ಕೆ ಎಟುಕುವುದಿಲ್ಲ. ಓಲ್ಗಾ ಅದನ್ನು ಹೇಳುತ್ತದೆ. ಸ್ಲಗ್ ಕ್ಯಾಚರಿನ ಗಾತ್ರ ನಿರ್ಧಾರವಾಗುವುದು ಆ ಉತ್ತರದ ಮೇಲೆ. ಅಷ್ಟು ಒತ್ತಡದ ಉಕ್ಕಿನ ಪಾತ್ರೆಯಲ್ಲಿ ಒಂದು ನೂರು ಘನ ಮೀಟರ್ ಉಳಿದರೂ ತಂತ್ರಾಂಶದ ಬಾಡಿಗೆ ದೊಡ್ಡದೆನಿಸುವುದಿಲ್ಲ.

ಬಳಕೆಯ ಅನುಭವಕ್ಕೆ ಬರೋಣ. ವಿಂಡೋಸ್ ಗಣಕದಲ್ಲಿ ಕೊಳವೆಯ ಚಿತ್ರ ಬಿಡಿಸಿ, ತುದಿಗಳನ್ನು ಜೋಡಿಸಿ, ಒಳಬರುವ ಹರಿವು, ಹೊರಹೋಗುವ ಒತ್ತಡ, ಸುತ್ತಲಿನ ಸಮುದ್ರದ ಉಷ್ಣತೆ, ಉಕ್ಕು ಮತ್ತು ಕಾಂಕ್ರೀಟ್ ಪದರಗಳ ದಪ್ಪ ಇವನ್ನೆಲ್ಲ ತುಂಬಬೇಕು. ಫಲಿತಾಂಶ ಎರಡು ಬಗೆಯಲ್ಲಿ ಸಿಗುತ್ತದೆ: ಒಂದು ಜಾಗದಲ್ಲಿ ಕಾಲದುದ್ದಕ್ಕೂ ಆದ ಬದಲಾವಣೆ ತೋರಿಸುವ ಟ್ರೆಂಡ್, ಒಂದು ಗಳಿಗೆಯಲ್ಲಿ ಇಡೀ ಕೊಳವೆಯ ಉದ್ದಕ್ಕೂ ಇರುವ ಸ್ಥಿತಿ ತೋರಿಸುವ ಪ್ರೊಫೈಲ್. ಹೊಸಬರು ಟ್ರೆಂಡ್‌ಗಳಲ್ಲೇ ಮುಳುಗಿರುತ್ತಾರೆ. ನನ್ನ ಮಟ್ಟಿಗೆ ಈ ತಂತ್ರಾಂಶದ ಜೀವಾಳವಿರುವುದು ಪ್ರೊಫೈಲ್‌ನಲ್ಲಿ. ಹೋಲ್ಡಪ್ಪಿನ ಗೆರೆಯನ್ನು ಕೊಳವೆಯ ಏರಿಳಿತದ ಗೆರೆಯ ಮೇಲೆ ಹಾಕಿ, ಅನಿಲ ಇಳಿಸಿದ ಕ್ಷಣದಿಂದ ಚಿತ್ರವನ್ನು ಓಡಿಸಿ ನೋಡಿ. ಸಮತಟ್ಟಾದ ಕಡೆ ಗೆರೆ ಹೆಚ್ಚೇನೂ ಅಲುಗುವುದಿಲ್ಲ. ಒಂದು ತಗ್ಗಿನ ಆಚೆಯ ಏರಿನಲ್ಲಿ ಮೊದಲು ಒಂದು ಚಿಕ್ಕ ಉಬ್ಬು ಕಾಣಿಸಿಕೊಳ್ಳುತ್ತದೆ. ಅದು ದಪ್ಪಗಾಗುತ್ತ ಬಂದು, ಹರಿವಿನ ಬಗೆ ತೋರಿಸುವ ಐಡಿ ಎಂಬ ಅಂಕಿ ಅಲ್ಲಿ 1ರಿಂದ 3ಕ್ಕೆ ನೆಗೆಯುತ್ತದೆ. 1 ಎಂದರೆ ನೀರು ಕೆಳಗೆ, ಅನಿಲ ಮೇಲೆ, ಪದರಪದರವಾಗಿ ಹರಿಯುವ ಶಾಂತ ಸ್ಥಿತಿ. 3 ಎಂದರೆ ನೀರು ಕೊಳವೆಯ ಬಾಯಿಯನ್ನೇ ಮುಚ್ಚಿ ಗುಳುಗುಳು ನೂಕಲ್ಪಡುವ ಸ್ಲಗ್ ಸ್ಥಿತಿ. ಆ ಅಂಕಿ 1 ಮತ್ತು 3ರ ನಡುವೆ ಓಲಾಡುತ್ತಿರುವ ಕಡೆ ಹಿಂದಿನ ಒತ್ತಡವೂ ಅದೇ ತಾಳದಲ್ಲಿ ಏರಿ ಇಳಿಯುವುದು ಕಾಣುತ್ತದೆ. ಅರವತ್ತು ಕಿಲೋಮೀಟರ್‌ಗಳಲ್ಲಿ ತಲೆನೋವು ಇರುವುದು ಇದೊಂದು ಮುನ್ನೂರು ಮೀಟರ್ ಏರಿನಲ್ಲಿ ಎಂದು ಬೆರಳಿಟ್ಟು ತೋರಿಸಲು ಆಗ ಸಾಧ್ಯವಾಗುತ್ತದೆ.

ಬೆರಳಿಟ್ಟು ತೋರಿಸುವ ಈ ಶಕ್ತಿ ನೀವು ಕೊಟ್ಟ ನೆಲದ ನಕ್ಷೆಯಷ್ಟೇ ನಂಬಲರ್ಹ ಎಂಬುದನ್ನು ತಂತ್ರಾಂಶದ ಕೈಪಿಡಿ ಹೇಳುತ್ತದೆ, ಆದರೆ ಹೇಳಬೇಕಾದಷ್ಟು ಗಟ್ಟಿಯಾಗಿ ಹೇಳುವುದಿಲ್ಲ. ಒಂದು ಸಂಸ್ಥೆಯ ಕೆಲಸದಲ್ಲಿ ನಮಗೆ ಕೊಟ್ಟ ಸಮುದ್ರತಳದ ನಕ್ಷೆಯಲ್ಲಿ ಕಿಲೋಮೀಟರಿಗೆ ಒಂದು ಬಿಂದು ಮಾತ್ರ ಇತ್ತು. ವಿವರವಾದ ನಕ್ಷೆ ಕೇಳಿದರೆ, ಸರ್ವೇ ಮುಗಿದಿದೆ, ಇರುವುದು ಇಷ್ಟೇ ಎಂಬ ಉತ್ತರ ಬಂತು. ಲೆಕ್ಕದಲ್ಲಿ ಕೊಳವೆ ನುಣುಪಾಗಿ ಇಳಿದು ನುಣುಪಾಗಿ ಏರಿತು, ನೀರು ಎಲ್ಲಿಯೂ ನಿಲ್ಲಲಿಲ್ಲ. ತಿಂಗಳುಗಳ ನಂತರ ಯಾರದೋ ಗಣಕದಲ್ಲಿ ಕೆಲವು ಮೀಟರಿಗೊಂದು ಬಿಂದುವಿದ್ದ ಕಡತ ಸಿಕ್ಕಿತು. ಅದನ್ನು ಹಾಕಿದಾಗ ಕಡಿಮೆ ಹರಿವಿನ ದ್ರವದ ಮೊತ್ತ ಎರಡು ಪಟ್ಟಿಗೂ ಮೇಲೆ ಹೋಯಿತು. ಹಾಗೆಂದು ಪ್ರತಿ ಮೀಟರಿಗೂ ಒಂದು ಭಾಗ ಮಾಡಿದರೆ ಲೆಕ್ಕ ಮುಗಿಯುವುದೇ ಇಲ್ಲ: ಕಾಲದ ಹೆಜ್ಜೆ (ಲೆಕ್ಕ ಒಂದು ಸಲಕ್ಕೆ ಮುಂದೆ ಸಾಗುವ ಅವಧಿ) ಎಷ್ಟಿರಬೇಕೆಂಬುದನ್ನು ಅತಿ ಚಿಕ್ಕ ಭಾಗದ ಉದ್ದ ಮತ್ತು ಅಲ್ಲಿನ ಹರಿವಿನ ವೇಗ ನಿರ್ಧರಿಸುತ್ತವೆ. ಬಿಂದುಗಳ ಸಂಖ್ಯೆ ಇಳಿಸಿದರೂ ಯಾವ ಕೋನದ ಏರು ಒಟ್ಟು ಎಷ್ಟು ಉದ್ದವಿದೆ ಎಂಬ ಹಂಚಿಕೆ ಕೆಡದಂತೆ ನೋಡಿಕೊಳ್ಳುವುದು ಇಲ್ಲಿನ ಜಾಣ್ಮೆ. ಓಲ್ಗಾದ ಜ್ಯಾಮಿತಿ ಸಂಪಾದಕದಲ್ಲಿ ಇದಕ್ಕೆ ಅನುಕೂಲವಿದೆ. ಬಹಳ ಮಂದಿ ಅದನ್ನು ತೆರೆದೇ ನೋಡಿರುವುದಿಲ್ಲ.

ಎರಡನೆಯ ಎಚ್ಚರ ಪಿವಿಟಿ (ಒತ್ತಡ, ಗಾತ್ರ, ಉಷ್ಣತೆ) ಕೋಷ್ಟಕದ್ದು. ಅನಿಲದ ಸಾಂದ್ರತೆ, ಸ್ನಿಗ್ಧತೆ, ಎಷ್ಟು ಭಾಗ ದ್ರವವಾಗುತ್ತದೆ ಎಂಬ ಗುಣಗಳನ್ನು ಓಲ್ಗಾ ಸಾಮಾನ್ಯವಾಗಿ ತಾನೇ ಲೆಕ್ಕ ಹಾಕುವುದಿಲ್ಲ. ಪಿವಿಟಿಸಿಮ್ ಅಥವಾ ಮಲ್ಟಿಫ್ಲಾಶ್‌ನಂಥ ಬೇರೆ ತಂತ್ರಾಂಶ ಮಾಡಿಕೊಟ್ಟ ಕೋಷ್ಟಕದಿಂದ ಓದಿಕೊಳ್ಳುತ್ತದೆ. ಅಂದರೆ ಇನ್ನೊಂದು ಪರವಾನಗಿಯ ಖರ್ಚು, ಇನ್ನೊಂದು ಕಡೆ ತಪ್ಪಿಗೆ ಅವಕಾಶ. ಕೋಷ್ಟಕದ ಒತ್ತಡ ಮತ್ತು ಉಷ್ಣತೆಯ ಮಿತಿಯನ್ನು ಕೊಳವೆಯ ಸ್ಥಿತಿ ದಾಟಿದರೆ ಎಚ್ಚರಿಕೆಯ ಸಾಲೊಂದು ಫಲಿತಾಂಶದ ಕಡತದಲ್ಲಿ ಬೀಳುತ್ತದೆ, ಲೆಕ್ಕ ಮಾತ್ರ ನಿಲ್ಲುವುದಿಲ್ಲ. ಕೊಳವೆಯ ಒತ್ತಡವನ್ನು ಪೂರ್ತಿ ಇಳಿಸುವ ಪ್ರಸಂಗದಲ್ಲಿ ಅನಿಲ ಹಿಗ್ಗಿ ವಿಪರೀತ ತಣಿಯುವುದರಿಂದ ಈ ಮಿತಿ ದಾಟುವುದು ಸಾಮಾನ್ಯ. ಆ ಎಚ್ಚರಿಕೆಗಳನ್ನು ಓದುವ ತಾಳ್ಮೆ ಇಲ್ಲದವರ ವರದಿಯಲ್ಲಿ ಅಂದವಾದ ಬಣ್ಣದ ಗೆರೆಗಳಿರುತ್ತವೆ, ಅಷ್ಟೇ.

ಹೈಡ್ರೇಟಿನ ವಿಷಯದಲ್ಲಿ ನನಗೆ ಹೆಚ್ಚು ದೂರುಗಳಿಲ್ಲ. ನೀರಿನ ಅಣುಗಳು ಮೀಥೇನನ್ನು ಒಳಗಿಟ್ಟುಕೊಂಡು ಮಂಜುಗಡ್ಡೆಯಂತೆ ಗಟ್ಟಿಯಾಗುವ ಈ ವಸ್ತುವೇ ಅನಿಲದ ಕೊಳವೆಗಳು ಮುಚ್ಚಿಕೊಳ್ಳುವಂತೆ ಮಾಡುತ್ತಿರುವುದೆಂದು ಹ್ಯಾಮರ್‌ಶ್ಮಿಟ್ 1934ರಲ್ಲಿ ತೋರಿಸಿಕೊಟ್ಟರು. ಶುದ್ಧ ಮೀಥೇನ್ ಮತ್ತು ನೀರು 4 ಡಿಗ್ರಿ ಸೆಲ್ಸಿಯಸ್‌ನಲ್ಲಿ 40 ಬಾರ್ ಸುಮಾರಿನಲ್ಲೇ ಹೈಡ್ರೇಟ್ ಆಗುತ್ತವೆ. ಆಳಸಮುದ್ರದ ತಳದಲ್ಲಿರುವ ಉಷ್ಣತೆಯೂ ಆಸುಪಾಸಿನದೇ, ಕೊಳವೆಯ ಒತ್ತಡವೋ ಅದಕ್ಕಿಂತ ಬಹಳ ಹೆಚ್ಚು. ನೀರಿಗೆ ತೂಕದಲ್ಲಿ ಶೇ. 30ರಷ್ಟು ಎಂಇಜಿ ಬೆರೆತಿದ್ದರೆ ಹೈಡ್ರೇಟಿನ ಉಷ್ಣತೆ ಸುಮಾರು 9 ಡಿಗ್ರಿ ಕೆಳಗಿಳಿಯುತ್ತದೆ. ಇಡೀ ಕೊಳವೆಯ ಸರಾಸರಿ ತೆಗೆದರೆ ಎಂಇಜಿ ಸಾಕಷ್ಟಿದೆ ಎನಿಸಬಹುದು. ಆದರೆ ಪಂಪು ನಾಲ್ಕು ಗಂಟೆ ನಿಂತಿದ್ದ ಕಾಲದಲ್ಲಿ ಒಳಬಂದ ನೀರಿನ ತುಂಡು ಎಂಇಜಿ ಇಲ್ಲದೆಯೇ ಮುಂದೆ ಸಾಗುತ್ತಿರುತ್ತದೆ. ಎಂಇಜಿಯ ಜಾಡು ಹಿಡಿಯುವ ಓಲ್ಗಾದ ಭಾಗ ಆ ತುಂಡು ಈಗ ಎಲ್ಲಿದೆ, ಅಲ್ಲಿನ ಉಷ್ಣತೆ ಹೈಡ್ರೇಟಿನ ಗೆರೆಯಿಂದ ಎಷ್ಟು ದೂರವಿದೆ ಎಂದು ತೋರಿಸುತ್ತದೆ. ನಾರ್ವೆಯ ಓರ್ಮೆನ್ ಲಾಂಗೆಯಂಥ ಕಡೆ ಇದರ ಬೆಲೆ ತಿಳಿಯುತ್ತದೆ: 2007ರ ಸೆಪ್ಟೆಂಬರ್‌ನಲ್ಲಿ ಉತ್ಪಾದನೆ ಶುರುವಾದ ಆ ನಿಕ್ಷೇಪದಿಂದ ಸಂಸ್ಕರಿಸದ ಅನಿಲವು 30 ಇಂಚಿನ ಎರಡು ಕೊಳವೆಗಳಲ್ಲಿ ಸುಮಾರು 120 ಕಿ.ಮೀ. ದೂರದ ನ್ಯೂಹಾಮ್ನಾ ಘಟಕಕ್ಕೆ ಬರುತ್ತದೆ. ಬರುವ ದಾರಿಯಲ್ಲಿ ಸ್ಟೊರೆಗ್ಗಾ ಎಂಬ ಪುರಾತನ ಭೂಕುಸಿತದ ಕಡಿದಾದ ಏರನ್ನು ಹತ್ತಬೇಕು, ತಳದ ನೀರಿನ ಉಷ್ಣತೆಯೋ ಸೊನ್ನೆಗಿಂತ ಕೆಳಗೆ. ನಮ್ಮ ಪೂರ್ವ ಕರಾವಳಿಯಲ್ಲಿ 2020ರ ಡಿಸೆಂಬರ್‌ನಲ್ಲಿ ಅನಿಲ ಕೊಡಲಾರಂಭಿಸಿದ ಕೆಜಿ-ಡಿ6ರ ಆರ್ ಕ್ಲಸ್ಟರ್ ಎಂಬ ನಿಕ್ಷೇಪ 2,000 ಮೀಟರಿಗೂ ಹೆಚ್ಚು ಆಳದಲ್ಲಿ, ನಿಯಂತ್ರಣ ವೇದಿಕೆಯಿಂದ ಸುಮಾರು 60 ಕಿ.ಮೀ. ದೂರದಲ್ಲಿದೆ. ಇಂಥಲ್ಲಿ ಕೊಳವೆ ಕಟ್ಟಿಕೊಂಡರೆ ಬಿಡಿಸಲು ಕೈ ಹಾಕುವ ಜಾಗವೇ ಇಲ್ಲ.

ಇನ್ನು ಮೆಚ್ಚದ ಸಂಗತಿಗಳು. ಅನಿಲ ಬಹಳ, ನೀರು ಅತಿ ಕಡಿಮೆ ಎಂಬ ಸ್ಥಿತಿಯಲ್ಲಿ, ಅಂದರೆ ಹೋಲ್ಡಪ್ ಶೇ. 1ರ ಆಸುಪಾಸಿನಲ್ಲಿರುವಾಗ, ಯಾವ ಮಾದರಿಯನ್ನೂ ಕಣ್ಣುಮುಚ್ಚಿ ನಂಬುವಂತಿಲ್ಲ. ಓಲ್ಗಾ ಇದಕ್ಕೆ ಹೊರತಲ್ಲ. ಟಿಲ್ಲರ್‌ನ ಆರಂಭದ ಪ್ರಯೋಗಗಳು ನಡೆದದ್ದು ನೈಟ್ರೋಜನ್ ಜೊತೆ ನ್ಯಾಫ್ತಾ ಅಥವಾ ಡೀಸೆಲ್ ಹರಿಸಿ. ನೀರಿನ ಮೇಲ್ಮೈ ಎಳೆತ ಅವುಗಳದ್ದಕ್ಕಿಂತ ಬಹಳ ಹೆಚ್ಚಾದ್ದರಿಂದ ಅಲೆ ಏಳುವುದೂ ಹನಿ ಕೀಳುವುದೂ ಬೇರೆ ರೀತಿ. ಈಚಿನ ಆವೃತ್ತಿಗಳಲ್ಲಿ ಸೇರಿಸಿರುವ ಎಚ್‌ಡಿ ಮಾದರಿ, ಕೊಳವೆಯ ಅಡ್ಡಕೊಯ್ತದಲ್ಲಿ ವೇಗ ಹೇಗೆ ಹಂಚಿಹೋಗಿದೆ ಎಂಬುದನ್ನೂ ಗಮನಕ್ಕೆ ತೆಗೆದುಕೊಳ್ಳುವುದರಿಂದ ಪದರದ ಹರಿವಿನ ಲೆಕ್ಕ ಸುಧಾರಿಸಿದೆ. ಆದರೆ ಹಳೆಯ ಮಾದರಿಯಲ್ಲಿ ಮಾಡಿದ್ದನ್ನು ಎಚ್‌ಡಿಯಲ್ಲಿ ಮತ್ತೆ ಓಡಿಸಿದರೆ ಕಡಿಮೆ ಹರಿವಿನ ಅಂಕಿಗಳು ಬದಲಾಗುತ್ತವೆ. ಯಾವುದನ್ನು ವರದಿಯಲ್ಲಿ ಬರೆಯಬೇಕೆಂಬ ಚರ್ಚೆ ಪ್ರತಿ ಕಚೇರಿಯಲ್ಲೂ ನಡೆಯುತ್ತದೆ. ನನ್ನ ಪದ್ಧತಿಯೆಂದರೆ ಎರಡನ್ನೂ ಓಡಿಸಿ, ನಡುವಿನ ಅಂತರವನ್ನೇ ಅನಿಶ್ಚಿತತೆ ಎಂದು ಬರೆಯುವುದು. ಒಂದೇ ಅಂಕಿ ಬೇಕೆನ್ನುವ ಮೇಲಧಿಕಾರಿಗಳಿಗೆ ಇದು ಇಷ್ಟವಾಗುವುದಿಲ್ಲ.

ಆರಂಭದ ಸ್ಥಿತಿಯನ್ನು ಕಂಡುಹಿಡಿಯಲು ಓಲ್ಗಾ ಒಳಗೆ ಒಂದು ಸ್ಥಿರ ಸ್ಥಿತಿಯ ಪೂರ್ವಲೆಕ್ಕವಿದೆ. ಅದು ಕೊಡುವ ಉತ್ತರವನ್ನೇ ಅಂತಿಮ ಎಂದುಕೊಂಡು ತಕ್ಷಣ ಹರಿವನ್ನು ಬದಲಿಸುವವರಿದ್ದಾರೆ. ಹಾಗೆ ಮಾಡಿದರೆ ತೆರೆಯ ಮೇಲೆ ಕಾಣುವ ಏರುಪೇರಿನಲ್ಲಿ ಎಷ್ಟು ನಿಜದ್ದು, ಎಷ್ಟು ಲೆಕ್ಕ ತಾನೇ ನೆಲೆಗೊಳ್ಳುತ್ತಿರುವುದು ಎಂದು ಬಿಡಿಸಲಾಗದು. ದ್ರವದ ಒಟ್ಟು ಮೊತ್ತದ ಗೆರೆ ಸಮತಟ್ಟಾಗುವವರೆಗೆ ಮೊದಲು ಓಡಿಸಿ, ಅನಂತರವೇ ವಾಲ್ವ್ ಮುಟ್ಟಬೇಕು. ಅಂದವಾದ ತೆರೆ, ಎಳೆದು ಬಿಡುವ ಚಿಹ್ನೆಗಳು ಇವೆಲ್ಲ ಬಂದ ಮೇಲೆ ಈ ಶಿಸ್ತು ಕಡಿಮೆಯಾಗಿದೆ ಎಂದು ನನ್ನ ಅನಿಸಿಕೆ. ಕೀವರ್ಡ್‌ಗಳ ಕಡತವನ್ನು ಕೈಯಿಂದ ಬರೆಯುತ್ತಿದ್ದ ಕಾಲದಲ್ಲಿ ಒಂದೊಂದು ಸಾಲನ್ನೂ ಯೋಚಿಸಿಯೇ ಬರೆಯಬೇಕಾಗುತ್ತಿತ್ತು.

ಪ್ರತಿಸ್ಪರ್ಧಿಗಳಲ್ಲಿ ಲೆಡಾಫ್ಲೋ ಒಂದೇ ಸರಿಸಾಟಿ. ಸಿಂಟೆಫ್, ಕೊನೊಕೊಫಿಲಿಪ್ಸ್ ಮತ್ತು ಟೋಟಾಲ್ ಸೇರಿ ಬೆಳೆಸಿ, ಕಾಂಗ್ಸ್‌ಬರ್ಗ್ ಮಾರುಕಟ್ಟೆಗೆ ತಂದ ಈ ತಂತ್ರಾಂಶದಲ್ಲಿ ಅನಿಲ, ಎಣ್ಣೆ, ನೀರು ಮೂರಕ್ಕೂ ಸಂವೇಗ ಮತ್ತು ಶಾಖದ ಪ್ರತ್ಯೇಕ ಸಮೀಕರಣಗಳಿವೆ. ವೇಗವಾಗಿ ತಣಿಯುವ ಪ್ರಸಂಗಗಳಲ್ಲಿ ಅದು ತಾತ್ವಿಕವಾಗಿ ಮೇಲು. ಆದರೂ ತೈಲ ಸಂಸ್ಥೆಗಳ ಹಳೆಯ ಮಾದರಿಗಳೆಲ್ಲ ಓಲ್ಗಾ ಕಡತಗಳಲ್ಲಿ ಇರುವುದರಿಂದ ಬಹಳ ಕಡೆ ಎರಡನೆಯ ಅಭಿಪ್ರಾಯಕ್ಕೆ ಮಾತ್ರ ಲೆಡಾಫ್ಲೋ ಬಳಸುತ್ತಾರೆ. ಸ್ಥಿರ ಸ್ಥಿತಿಯ ಲೆಕ್ಕವಷ್ಟೇ ಸಾಕೆನ್ನುವವರಿಗೆ ಪೈಪ್‌ಸಿಮ್ ಇದೆ. ಓಲ್ಗಾದ ಸ್ಥಿರ ರೂಪವಾದ ಓಲ್ಗಾಸ್ ಅದರಲ್ಲಿ ಒಂದು ಆಯ್ಕೆಯಾಗಿ ಸಿಗುತ್ತದೆ. ಕೈಯಲ್ಲಿ ಕಾಸಿಲ್ಲದ ವಿದ್ಯಾರ್ಥಿಗಳಿಗೆ ಪೈಥಾನ್ ಭಾಷೆಯ ಫ್ಲೂಯಿಡ್ಸ್ ಎಂಬ ಉಚಿತ ಲೈಬ್ರರಿಯನ್ನು ಧೈರ್ಯವಾಗಿ ಸೂಚಿಸುತ್ತೇನೆ. ಒಣ ಅನಿಲಕ್ಕೆ ವೇಮತ್, ಪ್ಯಾನ್‌ಹ್ಯಾಂಡಲ್ ಸೂತ್ರಗಳು, ಅನಿಲ ಮತ್ತು ನೀರು ಕೂಡಿದಾಗಿನ ಒತ್ತಡ ಇಳಿತಕ್ಕೆ ಲಾಕ್‌ಹಾರ್ಟ್-ಮಾರ್ಟಿನೆಲ್ಲಿ, ಬೆಗ್ಸ್-ಬ್ರಿಲ್ ಮೊದಲಾದವು, ಹರಿವಿನ ಬಗೆ ತಿಳಿಯಲು 1976ರ ಟೈಟೆಲ್-ಡಕ್ಲರ್ ನಕ್ಷೆ ಎಲ್ಲವೂ ಅದರಲ್ಲಿವೆ. ಒಂದೇ ಕೊಳವೆಗೆ ನಾಲ್ಕಾರು ಸೂತ್ರಗಳನ್ನು ಹಚ್ಚಿ ಉತ್ತರಗಳು ಎಷ್ಟು ದೂರ ದೂರ ಬೀಳುತ್ತವೆಂದು ಒಮ್ಮೆ ನೋಡಿದವರು ಮುಂದೆ ಯಾವ ದುಬಾರಿ ತಂತ್ರಾಂಶದ ಅಂಕಿಗೂ ಸುಮ್ಮನೆ ತಲೆಬಾಗುವುದಿಲ್ಲ. ಕಾಲದೊಂದಿಗೆ ನೀರು ಹೇಗೆ ಸೇರುತ್ತದೆ ಎಂಬುದನ್ನು ಮಾತ್ರ ಅದು ಹೇಳಲಾರದು.

ನಮ್ಮ ರಾಜ್ಯದ ಕೊಳವೆಗಳಿಗೆ ಓಲ್ಗಾ ಬೇಕೇ ಎಂದು ತರುಣ ಸಹೋದ್ಯೋಗಿಗಳು ಕೇಳುವುದುಂಟು. ಬೇಡ. ಗೇಲ್ ಸಂಸ್ಥೆಯ ಕೊಚ್ಚಿ-ಮಂಗಳೂರು ಮಾರ್ಗ (ಸುಮಾರು 450 ಕಿ.ಮೀ., 2021ರ ಜನವರಿ 5ರಂದು ಉದ್ಘಾಟನೆಯಾಯಿತು) ಕೊಚ್ಚಿಯ ಎಲ್‌ಎನ್‌ಜಿ ಟರ್ಮಿನಲ್‌ನ ಅನಿಲವನ್ನು ತರುತ್ತದೆ. ಅನಿಲವನ್ನು ಸೊನ್ನೆಗಿಂತ 162 ಡಿಗ್ರಿ ಕೆಳಗೆ ತಣಿಸಿ ದ್ರವವಾಗಿಸುವ ಮೊದಲು ಅದರಲ್ಲಿನ ನೀರನ್ನು ದಶಲಕ್ಷಕ್ಕೆ ಒಂದು ಪಾಲಿಗಿಂತ ಕಡಿಮೆಯಾಗುವಂತೆ ತೆಗೆಯಲೇಬೇಕು, ಇಲ್ಲವಾದರೆ ಯಂತ್ರಗಳೇ ಹೆಪ್ಪುಗಟ್ಟುತ್ತವೆ. ಮರಳಿ ಅನಿಲವಾದ ಮೇಲೆ ಅದು ಎಷ್ಟೇ ತಣ್ಣಗಿನ ನೆಲದಲ್ಲಿ ಸಾಗಿದರೂ ನೀರು ಬಿಡುವುದಿಲ್ಲ. 2013ರಲ್ಲಿ ಚಾಲನೆಗೆ ಬಂದ, ಬೆಳಗಾವಿ, ಧಾರವಾಡ, ದಾವಣಗೆರೆ, ಚಿತ್ರದುರ್ಗ, ತುಮಕೂರುಗಳ ಕಡೆಯಿಂದ ಬರುವ ದಾಭೋಳ್-ಬೆಂಗಳೂರು ಮಾರ್ಗದಲ್ಲಿ ಹರಿಯುವುದೂ ಸಂಸ್ಕರಿಸಿದ ಒಣ ಅನಿಲವೇ. ಇವುಗಳಿಗೆ 1912ರ ವೇಮತ್ ಸೂತ್ರದ ಸಂತತಿಯ ಸರಳ ಸಮೀಕರಣಗಳೂ, ಒಂದೇ ಫೇಸಿನ ಜಾಲ ಲೆಕ್ಕ ಹಾಕುವ ತಂತ್ರಾಂಶವೂ ಧಾರಾಳವಾಗಿ ಸಾಕು. ಇಂಥ ಮಾರ್ಗಗಳಲ್ಲಿ ನೀರಿನ ಚಿಂತೆ ಇರುವುದು ಒಮ್ಮೆ ಮಾತ್ರ: ಕೊಳವೆ ಹೂಳಿದ ಮೇಲೆ ಅದರಲ್ಲಿ ನೀರು ತುಂಬಿ ಒತ್ತಡದ ಪರೀಕ್ಷೆ ಮಾಡಿದಾಗ. ಆ ನೀರನ್ನು ಪಿಗ್‌ಗಳನ್ನು (ಕೊಳವೆಯೊಳಗೆ ಬಿರಡೆಯಂತೆ ಕೂತು ಒತ್ತಡದಿಂದ ಸಾಗುವ ಸಾಧನ) ಓಡಿಸಿ ಹೊರದೂಡಿ, ಒಣಗಾಳಿ ಹಾಯಿಸಿ, ತುದಿಯಲ್ಲಿ ಇಬ್ಬನಿ ಬಿಂದುವನ್ನು (ಗಾಳಿಯ ತೇವ ಹನಿಗಟ್ಟುವ ಉಷ್ಣತೆ) ಅಳೆದು ಮುಗಿಸುತ್ತಾರೆ. ನದಿಗಳ ಅಡಿಯಲ್ಲಿ ಕೊಳವೆ ಇಳಿದು ಏರುವ ಕಡೆ ನೀರು ಉಳಿಯುವ ಸಂಭವ ಹೆಚ್ಚು. ಅದಕ್ಕೆ ಬೇಕಾದದ್ದು ಇನ್ನೊಂದು ಪಿಗ್ ಮತ್ತು ಇನ್ನೆರಡು ದಿನದ ಒಣಗಾಳಿ, ಸಿಮ್ಯುಲೇಟರ್ ಅಲ್ಲ.

ಬೆಲೆಯ ಮಾತು ಉಳಿಯಿತು. ಎಸ್‌ಎಲ್‌ಬಿ ಬೆಲೆಪಟ್ಟಿಯನ್ನು ಎಲ್ಲರೂ ನೋಡುವಂತೆ ಹಾಕಿಲ್ಲ. ಯಾವ ಯಾವ ಭಾಗಗಳು ಬೇಕೆಂದು ಬರೆದು ಕೇಳಿ ಪಡೆಯಬೇಕು. ಮೂಲ ತಂತ್ರಾಂಶದ ಜೊತೆಗೆ ನೀರಿನ ಭಾಗ, ಸ್ಲಗ್ ಹಿಂಬಾಲಿಸುವ ಭಾಗ, ಎಂಇಜಿ ಜಾಡಿನ ಭಾಗ ಎಂದು ಒಂದೊಂದೇ ಸೇರುತ್ತ ಹೋಗಿ ಮೊತ್ತ ಚಿಕ್ಕ ಸಲಹಾ ಸಂಸ್ಥೆಯ ಕೈಗೆ ಎಟುಕದಂತಾಗುತ್ತದೆ. ವರ್ಷವಿಡೀ ಕೆಲಸವಿರುವ ಕಚೇರಿಗೆ ಬಾಡಿಗೆ ಸಲ್ಲುತ್ತದೆ. ವರ್ಷಕ್ಕೊಂದು ಕೊಳವೆಯ ಅಧ್ಯಯನ ಮಾಡಿಸುವವರು ಪರವಾನಗಿ ಇರುವ ಸಲಹೆಗಾರರಿಂದ ಕೆಲಸ ಮಾಡಿಸಿಕೊಳ್ಳುವುದೇ ಲೇಸು. ಹಾಗೆ ಮಾಡಿಸುವಾಗ ಬಣ್ಣದ ಚಿತ್ರಗಳ ವರದಿ ಒಂದನ್ನೇ ತೆಗೆದುಕೊಂಡು ಬರಬಾರದು. ಇನ್‌ಪುಟ್ ಕಡತ, ಪಿವಿಟಿ ಕೋಷ್ಟಕ, ಬಳಸಿದ ಸಮುದ್ರತಳದ ಬಿಂದುಗಳು, ಆವೃತ್ತಿಯ ಸಂಖ್ಯೆ, ಎಚ್‌ಡಿ ಮಾದರಿ ಹಾಕಿದ್ದರೇ ಇಲ್ಲವೇ ಎಂಬ ವಿವರ ಇಷ್ಟನ್ನೂ ಒಪ್ಪಂದದಲ್ಲೇ ಬರೆಸಿಕೊಳ್ಳಬೇಕು. ಮೂರು ವರ್ಷದ ಮೇಲೆ ಬಾವಿಯ ನೀರು ದುಪ್ಪಟ್ಟಾದಾಗ ಅದೇ ಕಡತವನ್ನು ತೆರೆದು ಒಂದು ಅಂಕಿ ತಿದ್ದಿ ಮತ್ತೆ ಓಡಿಸಬಹುದು. ಅದು ಕೈಯಲ್ಲಿಲ್ಲದಿದ್ದರೆ ಸಮುದ್ರತಳದ ನಕ್ಷೆ ಹುಡುಕುವುದರಿಂದಲೇ ಮತ್ತೆ ಶುರು ಮಾಡಬೇಕಾಗುತ್ತದೆ.